ಏಳನೆಯ ಕಂಬದ ಗಾರೆ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಖಾಜು ಸೇತುವೆಯ ಏಳನೆಯ ಕಂಬದ ಬುಡಕ್ಕೆ ಹೊದಿಸಿದ್ದ ಗೋಣಿತಟ್ಟು ಒದ್ದೆಯಾಗಿತ್ತು.

ಪತ್ತೆದಳದ ಇರಜ್ ತವಕ್ಕೊಲಿ ಅದನ್ನು ಎರಡು ಸಲ ಮುಟ್ಟಿ ನೋಡಿದ. ಅಂಚು ಹಿಂಡಿದರೆ ನೀರು ತೊಟ್ಟಿಕ್ಕಿತು.

ಇಸ್ಫಹಾನಿನಲ್ಲಿ ಮಳೆ ಬಿದ್ದು ಏಳು ತಿಂಗಳಾಗಿತ್ತು. ಸೇತುವೆಯ ಕೆಳಗೆ ಜಾಯಂದೆರೂದ್ ನದಿ ಹರಿದು ಹನ್ನೊಂದು ತಿಂಗಳು. ಆ ತಟ್ಟನ್ನು ನೆನೆಸಬೇಕಾಗಿದ್ದ ಮನುಷ್ಯ, ಸೇತುವೆಯ ಹಳೆಯ ಗಾರೆ ಮೇಸ್ತ್ರಿ ಉಸ್ತಾದ್ ಯದುಲ್ಲಾ, ಮೊನ್ನೆ ಸಂಜೆ ಇಲ್ಲಿಂದ ಆರು ಹೆಜ್ಜೆ ಆಚೆ, ಕಲ್ಲುಮೆಟ್ಟಿಲುಗಳ ಬುಡದಲ್ಲಿ ತಲೆಯೊಡೆದು ಸತ್ತುಬಿದ್ದಿದ್ದ.

ಸತ್ತವನು ಬಂದು ತಟ್ಟಿಗೆ ನೀರು ಹಾಕುವುದಿಲ್ಲ.

ಇರಜ್ ಹುಟ್ಟಿ ಬೆಳೆದದ್ದು ಖಾಜು ಕೇರಿಯಲ್ಲೇ. ಸುಣ್ಣ, ಬೂದಿ, ಜೇಡಿ, ಜೊಂಡುಹುಲ್ಲಿನ ತೆನೆಯ ಹತ್ತಿ ಕಲಸಿ ಮೂರು ದಿನ ಕೋಲಿನಿಂದ ಬಡಿದು ಹದ ಮಾಡುವ ಈ ಗಾರೆಯನ್ನು ಮೆತ್ತಿದ ಮೇಲೆ ಹತ್ತು ದಿನ ಬಾಣಂತಿಯಂತೆ ನೋಡಿಕೊಳ್ಳಬೇಕು ಎಂಬುದು ಅವನಿಗೆ ಗೊತ್ತಿತ್ತು. ಬಿಸಿಲು ತಾಕಬಾರದು. ತಟ್ಟು ಒಣಗಬಾರದು. ಇದು ಗೊತ್ತಿರುವವರು ಊರಲ್ಲಿ ಈಗ ಹತ್ತು ಜನ ಇದ್ದಾರು. ಅದಕ್ಕಾಗಿ ನಸುಕಿನಲ್ಲಿ ಎದ್ದು ಬರುವವನು ಒಬ್ಬನೇ. ಉಸ್ತಾದನ ಕೈಕೆಳಗೆ ಹದಿನಾಲ್ಕು ವರ್ಷ ದುಡಿದ ಅಫ್ಘಾನಿ, ಈಸಾ.

ಈಸಾ ಮೊನ್ನೆಯಿಂದ ನಾಪತ್ತೆ. ಗಡಿ ದಾಟಿದ ಎಂದು ಠಾಣೆಯಲ್ಲಿ ಎಲ್ಲರೂ ಮಾತಾಡಿಕೊಂಡಿದ್ದರು.

ಜೇಬಿನಲ್ಲಿ ಫೋನ್ ನಡುಗಿತು. ಕರ್ನಲ್ ಸಾಹೇಬರು.

"ಇರಜ್, ಅಣೆಕಟ್ಟಿಂದ ಬಿಟ್ಟ ನೀರು ಹನ್ನೊಂದು ಗಂಟೆಗೆ ಖಾಜು ಮುಟ್ಟತ್ತಂತೆ. ದೊಡ್ಡೋರೆಲ್ಲ ಬರ್ತಾರೆ. ಅಷ್ಟರೊಳಗೆ ಆ ಕಡತ ಮುಗಿಸಿಬಿಡು."

"ಏನಂತ ಮುಗಿಸಲಿ?"

"ಕಾಲು ಜಾರಿ ಬಿದ್ದ ಅಂತ ಬರಿ. ಇಲ್ಲಾ ಅಫ್ಘಾನಿ ಕೊಂದು ಓಡಿದ ಅಂತ ಬರಿ. ಎರಡರಲ್ಲಿ ಒಂದು. ಮೂರನೇದು ಹುಡುಕೋಕೆ ಹೋಗ್ಬೇಡ."

ಉಸ್ತಾದನ ಕಿವಿಯ ಹಿಂದೆ ಎರಡು ಬೆರಳಗಲದ ಮುಕ್ಕೋಣ ಗಾಯ. ಕಾಲು ಜಾರಿದವನಿಗೆ ಮೆಟ್ಟಿಲು ಅಂಥ ಗಾಯ ಮಾಡುವುದಿಲ್ಲ. ಕರಣೆಯ ತುದಿ ಮಾಡುತ್ತದೆ. ಉಸ್ತಾದನ ಕರಣೆ ಅವನ ಸೊಂಟದಲ್ಲೇ ಇತ್ತು, ಅದರಲ್ಲಿ ರಕ್ತವಿರಲಿಲ್ಲ. ಕೊಂದ ಕರಣೆ ಎಲ್ಲಿ ಎಂಬುದೇ ಎರಡು ದಿನದಿಂದ ಉತ್ತರವಿಲ್ಲದ ಪ್ರಶ್ನೆ. ಒಣಗಿದ ನದಿಯ ಪಾತ್ರವನ್ನು ಇರಜ್ ಎರಡು ಸಲ ಜಾಲಾಡಿಸಿದ್ದ. ಇನ್ನು ಮೂರೂವರೆ ಗಂಟೆಯಲ್ಲಿ ಇದೆಲ್ಲ ನೀರಿನಡಿಗೆ ಹೋಗುತ್ತದೆ.

ಊರಿಗೆ ಊರೇ ಹಬ್ಬ ಮಾಡುತ್ತಿತ್ತು. ನೀರು ಬೇಡವಾಗಿದ್ದವನು ಅವನೊಬ್ಬನೇ.

*

"ಬನ್ನಿ ಸರ್ಕಾರ್, ಗಂಟಲು ಒಣಗಿಸ್ಕೊಂಡು ಕೂತ್ರೆ ಕಳ್ಳ ಸಿಗ್ತಾನಾ?"

ಕಮಾನಿನಡಿಯಲ್ಲಿ ಚಹಾ ಇಟ್ಟುಕೊಂಡು ಕೂರುವ ಮಶ್ ರಜಬ್. ಮೂವತ್ತು ವರ್ಷದಿಂದ ಅದೇ ಕಮಾನು, ಚಹಾ ಕಾಯಿಸುವ ಅದೇ ಇದ್ದಿಲ ಹಂಡೆ, ಸಮಾವರ್. ಸಂಜೆ ಹಾಡುಗಾರರು ಬಂದು ಕೂರುವುದು ಅವನ ಸುತ್ತ. ಎಡಗೈಯಿಂದ ಗ್ಲಾಸು ಚಾಚಿದ. ಬಲಗೈ ಬೆರಳುಗಳಿಗೆ ಹಳೆಯ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?"

"ಸಮಾವರ್‌ಗೂ ನನ್ನ ಕಂಡ್ರೆ ಆಗಲ್ಲ. ಮನೇಲಿ ಹೆಂಡ್ತಿ, ಇಲ್ಲಿ ಇದು." ರಜಬ್ ಸಕ್ಕರೆ ಗಟ್ಟಿಯೊಂದನ್ನು ಎರಡು ತುಂಡು ಮಾಡಿ ಒಂದನ್ನು ವಾಪಸ್ ಡಬ್ಬಿಗೆ ಹಾಕಿದ. "ನೀವು ಸಿಹಿ ಕಮ್ಮಿ ತಗೋಬೇಕು ಸರ್ಕಾರ್, ವಯಸ್ಸಾಯ್ತು."

"ಮೊನ್ನೆ ಸಂಜೆ ಎಷ್ಟು ಹೊತ್ತಿಗೆ ಹೋದೆ?"

"ಎಷ್ಟು ಸಲ ಕೇಳ್ತೀರಿ? ಐದಕ್ಕೇ ಬೆಂಕಿ ಆರಿಸಿ ಮನೆಗೆ ಹೋದೆ. ನನ್ನ ಕಣ್ಣೆದುರು ಏನೂ ಆಗಿಲ್ಲ."

"ನಸುಕಲ್ಲಿ ಯಾರನ್ನಾದ್ರೂ ನೋಡಿದ್ಯಾ? ಆ ಕಂಬದ ಹತ್ರ?"

ರಜಬ್ ಅತ್ತ ಇತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದ. "ನೋಡಿಲ್ಲ. ಆದ್ರೆ ನಾನಿಲ್ಲಿಡೋ ನೀರಿನ ಕ್ಯಾನ್ ಇದೆಯಲ್ಲ, ಎರಡು ಬೆಳಗಿನಿಂದ ಅರ್ಧ ಆಗಿರತ್ತೆ. ಕದ್ದೋನು ಮುಚ್ಚಳದ ಮೇಲೆ ಇದನ್ನಿಟ್ಟು ಹೋಗ್ತಾನೆ."

ಅಂಗೈ ಬಿಚ್ಚಿದ. ಒಣಗಿದ ಹಿಪ್ಪುನೇರಳೆ ಹಣ್ಣು, ಒಂದು ಹಿಡಿ. ಅಫ್ಘಾನಿಗಳು ಜೇಬಿನಲ್ಲಿಟ್ಟುಕೊಂಡು ಮೆಲ್ಲುವಂಥದ್ದು.

"ನೀರು ಕದ್ದು ಹಣ್ಣು ಇಟ್ಟುಹೋಗೋ ಕಳ್ಳ ನಮ್ಮೂರೋನಲ್ಲ ಸರ್ಕಾರ್. ನಮ್ಮೂರೋನಾದ್ರೆ ಕ್ಯಾನೂ ಹೊತ್ಕೊಂಡು ಹೋಗ್ತಿದ್ದ." ನಕ್ಕ. "ಯಾರಿರಬಹುದು ಅಂತ ನಾನು ಹೇಳಲ್ಲ. ನೀವೇ ಹಿಡೀರಿ."

ಇರಜ್ ಹಣ್ಣನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡ.

ಈಸಾ ಎಲ್ಲೂ ಹೋಗಿಲ್ಲ. ಇಲ್ಲೇ ಇದ್ದಾನೆ. ಅವನನ್ನು ಹಿಡಿಯಲು ಜನ ಬೇಡ, ಜೀಪು ಬೇಡ. ಒಂದೇ ಒಂದು ಕೆಲಸ ಸಾಕು.

ಕಂಬದ ಬಳಿ ಬಂದು ಇರಜ್ ತಟ್ಟನ್ನು ಎತ್ತಿದ. ನೀರು ಹೋಗುವಂತೆ ಹಿಂಡಿ, ಬಿಸಿಲು ಬಿದ್ದ ಮೆಟ್ಟಿಲ ಮೇಲೆ ಹರವಿದ. ಒಂದೂವರೆ ಮೊಳದ ಬೂದುಬಣ್ಣದ ಗಾರೆಯ ಚೌಕ ಬೆಳಗಿನ ಬಿಸಿಲಿಗೆ ಬೆತ್ತಲಾಯಿತು. ಪಕ್ಕದಲ್ಲಿ ಕೂತು ಕಾಯತೊಡಗಿದ.

ಹಸಿದವನ ಮುಂದೆ ಅನ್ನ ಚೆಲ್ಲಿ ಕೂತಂತೆ ಅನ್ನಿಸಿತು. ಎದ್ದುಹೋಗಲಿಲ್ಲ.

*

ಒಂಬತ್ತೂವರೆಗೆ ನದಿಯ ಪಾತ್ರ ಜಾತ್ರೆಯಾಗಿತ್ತು. ಜನ ಚಪ್ಪಲಿ ಕೈಯಲ್ಲಿ ಹಿಡಿದು, ಮಕ್ಕಳನ್ನು ಹೆಗಲಿಗೇರಿಸಿಕೊಂಡು ಮೇಲ್ದಿಕ್ಕಿಗೆ ನಡೆಯುತ್ತಿದ್ದರು. ಬರುವ ನೀರನ್ನು ನೆಂಟರಂತೆ ಎದುರುಗೊಂಡು, ಅದರ ಮುಂದೆ ನಡೆದುಕೊಂಡು ಬಂದು ಸೇತುವೆಗೆ ಮುಟ್ಟಿಸುವುದು ಈಚಿನ ವರ್ಷಗಳ ರೂಢಿ. ನದಿ ಸದಾ ಹರಿಯುತ್ತಿದ್ದ ಕಾಲದಲ್ಲಿ ಈ ಮರ್ಯಾದೆ ಯಾರೂ ಮಾಡಿರಲಿಲ್ಲ.

ನಗರಸಭೆಯ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಜಾಡಮಾಲಿಯೊಬ್ಬ ಮೆಟ್ಟಿಲು ಗುಡಿಸುತ್ತಾ ಬಂದ. ಗುಡಿಸಿದ ಜಾಗವನ್ನೇ ಮೂರು ಸಲ ಗುಡಿಸಿದ.

"ಸಾಹೇಬ್ರೇ, ಆ ತಟ್ಟು ಹಾಕ್ಬಿಡಿ."

ಇರಜ್ ತಲೆ ಎತ್ತಲಿಲ್ಲ. "ಯಾಕೆ?"

"ಬಿಸಿಲು ಬೀಳ್ತಿದೆ. ಬಿರುಕು ಬಿಡತ್ತೆ."

"ಬಿಡ್ಲಿ. ಇನ್ನೇನು ನೀರು ಬರತ್ತಲ್ಲ."

"ಬಿರುಕು ಬಿಟ್ಟ ಮೇಲೆ ನೀರು ಬಂದು ಏನುಪಯೋಗ? ಒಳಗಿಂದ ತಿನ್ನತ್ತೆ. ಹದವಾಗಿದ್ದಾಗ ಬಂದ್ರೆ ಕಲ್ಲಿಗಿಂತ ಗಟ್ಟಿ ಆಗತ್ತೆ."

"ನಿನ್ನ ಹೆಸರೇನಪ್ಪಾ?"

ಪೊರಕೆ ನಿಂತಿತು. "ನಿಮಗೆ ಗೊತ್ತಿದೆ. ಮೊದಲು ತಟ್ಟು ಹಾಕಿ ಸಾಹೇಬ್ರೇ. ಆಮೇಲೆ ನನ್ನ ಕೈಗೆ ಏನು ಬೇಕಾದ್ರೂ ಹಾಕಿ."

ಇರಜ್ ಈಗ ಮುಖ ನೋಡಿದ. ನಲವತ್ತರ ಆಸುಪಾಸು. ಎರಡು ದಿನದ ಗಡ್ಡ. ಓಡುವ ಲಕ್ಷಣ ಇರಲಿಲ್ಲ. ಕಣ್ಣು ಗಾರೆಯ ಮೇಲೇ ಇತ್ತು.

"ಕೂತ್ಕೋ. ಮೊನ್ನೆ ಸಂಜೆ ಏನಾಯ್ತು ಹೇಳು. ಆಮೇಲೆ ಹಾಕ್ತೀನಿ."

ಈಸಾ ಕುಕ್ಕರಗಾಲಲ್ಲಿ ಕೂತ. "ಐದೂವರೆ ಇರಬೇಕು. ಜೊಂಡಿನ ಹತ್ತಿ ಸಾಲದಾಯ್ತು. ಹೋಗಿ ತಗೊಂಡ್ ಬಾ, ಕಾಲಿಗೆ ಮದರಂಗಿ ಹಚ್ಚಿದಾರಾ ನಿಂಗೆ ಅಂತ ಬೈದ್ರು. ಹೋದೆ. ಬರೋ ಹೊತ್ತಿಗೆ ಮಬ್ಬುಗತ್ತಲು. ಕಮಾನಿನಡಿ ಇದ್ದಿಲ ಹೊಗೆ ತುಂಬಿತ್ತು, ಸರಿಯಾಗಿ ಕಾಣ್ಲಿಲ್ಲ. ಎಡವಿದ್ದು ಉಸ್ತಾದರ ಕಾಲನ್ನೇ."

"ಆಮೇಲೆ?"

"ಕಣ್ಣು ಮುಚ್ಚಿಸಿದೆ. ತಟ್ಟು ನೆನೆಸಿ ಗಾರೆಗೆ ಹೊದಿಸಿದೆ. ಓಡಿದೆ." ಉಗುರಿನಿಂದ ನೆಲ ಗೀರಿದ. "ನನ್ನ ನಿರಾಶ್ರಿತರ ಕಾರ್ಡು ಮುಗಿದು ಎಂಟು ತಿಂಗಳಾಗಿದೆ ಸಾಹೇಬ್ರೇ. ಕೂಗಿದ್ರೆ ಮೊದಲು ಹಿಡಿಯೋದು ಕೂಗಿದೋನನ್ನೇ."

"ಹಿಂದಕ್ಕೆ ಯಾಕೆ ಬಂದೆ?"

"ಅವರ ಕೊನೇ ಕೆಲಸ ಇದು."

ಇರಜ್ ತಟ್ಟನ್ನು ಅವನ ಕೈಗೆ ಕೊಟ್ಟ. ಈಸಾ ಅದನ್ನು ಹೊದಿಸುವ ಮೊದಲು ಬರಿ ಅಂಗೈಯಿಂದ ಚೌಕವನ್ನು ಒಮ್ಮೆ ಸವರಿದ. ಕೆಳಗಿನ ಬಲಮೂಲೆಗೆ ಬಂದಾಗ ಅಂಗೈ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಬಂತು.

"ಇದು ಉಸ್ತಾದರ ಕೈ ಅಲ್ಲ."

"ಅಂದ್ರೆ?"

"ನಾವು ಬಡೀತೀವಿ ಸಾಹೇಬ್ರೇ, ಎಳೆಯಲ್ಲ. ಎಳೆದ್ರೆ ಜೊಂಡಿನ ಎಳೆ ಹರಿದುಹೋಗತ್ತೆ. ಇಲ್ಲಿ ಎಳೆದಿದಾರೆ, ಮೇಲಿಂದ ಕೆಳಕ್ಕೆ. ಕರಣೆನೂ ಅಲ್ಲ. ಬೆರಳು. ನಾಲ್ಕು ಬೆರಳು, ಬರಿಗೈ." ಇರಜನ ತೋರುಬೆರಳನ್ನು ಹಿಡಿದು ಅಲ್ಲಿಟ್ಟ. ನಾಲ್ಕು ತೆಳು ಗೀರುಗಳು, ಕಣ್ಣಿಗೆ ಕಾಣದಷ್ಟು, ಬೆರಳಿಗೆ ಸಿಕ್ಕುವಷ್ಟು. "ಎರಡು ದಿನ ತಟ್ಟಿನ ಮೇಲೇ ನೀರು ಸುರಿದು ಹೋದೆ. ತೆಗೆದು ನೋಡೋ ಧೈರ್ಯ ಬರ್ಲಿಲ್ಲ."

ಇರಜನಿಗೆ ಹೊಳೆಯಿತು: ಕೊಂದವನು ಕರಣೆಯನ್ನು ಹಸಿಗಾರೆಯೊಳಗೆ ಒತ್ತಿ ಮುಚ್ಚಿದ್ದಾನೆ. ಮುಚ್ಚಲು ಕೈಯಲ್ಲಿ ಬೇರೇನೂ ಇರಲಿಲ್ಲ, ಬೆರಳು ಬಳಸಿದ್ದಾನೆ.

"ಬರಿಗೈಲಿ ಈ ಗಾರೆ ಮುಟ್ಟಿದ್ರೆ ಏನಾಗತ್ತೆ?"

"ನಾವು ಕುರಿಬಾಲದ ಕೊಬ್ಬು ಹಚ್ಚಿಕೊಂಡು ಮುಟ್ಟೋದು. ಇಲ್ದಿದ್ರೆ ಸುಣ್ಣ ಸುಡತ್ತೆ. ಮಾರನೇ ದಿನಕ್ಕೆ ಬೆರಳಿನ ತೊಗಲು ಸುಲಿದು ಬರತ್ತೆ." ಈಸಾ ತಟ್ಟನ್ನು ನೋಡಿದ, ಗಾರೆಯನ್ನು ನೋಡಿದ. ಅರ್ಥವಾಗುತ್ತಾ ಬಂದ ಹಾಗೆ ಮುಖ ಬಿಳಿಚಿತು. "ನಾನು ನೀರು ಹಾಕ್ದೆ ಇದ್ದಿದ್ರೆ ಈ ಮೂಲೆ ಬಿರುಕು ಬಿಟ್ಟು ತಾನೇ ಉದುರ್ತಿತ್ತು. ನಾನೇ ಗಟ್ಟಿ ಮಾಡಿದೆ."

ಮೇಲ್ದಿಕ್ಕಿನಿಂದ ದೊಡ್ಡ ಕೂಗು ಎದ್ದಿತು. ಮೂವತ್ಮೂರು ಕಮಾನಿನ ಸೇತುವೆಗೆ ನೀರು ಮುಟ್ಟಿತ್ತು. ಹತ್ತು ಗಂಟೆ ಎಂಟು ನಿಮಿಷ. ಇನ್ನು ಒಂದು ಗಂಟೆ.

ಇರಜ್ ಚೌಕದ ನಾಲ್ಕು ಚಿತ್ರ ತೆಗೆದ. ಫೋನಿನಲ್ಲಿ ಬರೀ ಬೂದುಬಣ್ಣ ಕಂಡಿತು. ಓರೆಯಾಗಿ ಹಿಡಿದು ಇನ್ನೆರಡು ತೆಗೆದ. ಅವೂ ಅಷ್ಟೇ.

"ಉಳಿ ಇದೆಯಾ?"

ಈಸಾ ಕಿತ್ತಳೆ ಅಂಗಿಯೊಳಗಿಂದ ಉಳಿಯನ್ನೂ ಪುಟ್ಟ ಸುತ್ತಿಗೆಯನ್ನೂ ತೆಗೆದ.

"ಗೀರು ಇರೋ ಭಾಗ ಮುಟ್ಬೇಡ. ಪಕ್ಕದಿಂದ ಒಳಗೆ ಹೋಗು."

*

"ನಿಲ್ಸು! ಯಾರೋ ಅವನು?"

ದುರಸ್ತಿ ಗುತ್ತಿಗೆಯ ಇಂಜಿನಿಯರ್ ಕಾಮ್ರಾನ್ ಸೆಪಾಹಿ, ಇಬ್ಬರು ಕಾವಲುಗಾರರ ಜೊತೆ ಮೆಟ್ಟಿಲಿಳಿದು ಬಂದ. ಹೊಸ ಕೋಟು. ಕೈಗೆ ಕಂದು ತೊಗಲಿನ ಗವಸು. ಕಂಬಗಳಿಗೆ ಸಿಮೆಂಟು ಮೆತ್ತಿಸುತ್ತಿದ್ದೀಯೆಂದು ಹೋದ ವಾರ ಉಸ್ತಾದ್ ಯದುಲ್ಲಾ ಹತ್ತು ಜನರೆದುರು ಬೈದದ್ದು ಇವನನ್ನೇ.

ಇರಜನ ಕಣ್ಣು ಗವಸಿನ ಮೇಲೆ ಹೋಗಿ ಅಲ್ಲೇ ಉಳಿಯಿತು. ಗವಸು ಹಾಕುವಷ್ಟು ಚಳಿ ಇರಲಿಲ್ಲ.

"ತವಕ್ಕೊಲಿಯವರೇ, ನಾನೂರು ವರ್ಷದ ಸೇತುವೆ ಇದು. ಇದಕ್ಕೆ ಉಳಿ ಹಾಕಿದ್ರೆ ಪೊಲೀಸಾದ್ರೂ ಜೈಲೇ."

"ನಾನೂರು ವರ್ಷದ್ದನ್ನ ಮುಟ್ಟಿಲ್ಲ ಇಂಜಿನಿಯರ್ ಸಾಹೇಬ್ರೇ. ಮೊನ್ನೇದನ್ನ ಒಡೀತಿದೀವಿ."

"ಯಾರು ಒಡೀತಿರೋದು? ಅಯ್ಯೋ, ಇವನೇ ಅಲ್ವಾ ಅವನು! ಊರೆಲ್ಲ ಹುಡುಕ್ತಿರೋ ಕೊಲೆಗಾರನ ಕೈಗೆ ಸುತ್ತಿಗೆ ಕೊಟ್ಟು ಕೂತಿದೀರಲ್ಲ, ಚೆನ್ನಾಗಿದೆ ನಿಮ್ಮ ಪತ್ತೇದಾರಿ."

"ಮೊನ್ನೆ ಸಂಜೆ ಐದೂವರೆಯಿಂದ ಆರೂವರೆವರೆಗೆ ಎಲ್ಲಿದ್ರಿ?"

ಸೆಪಾಹಿಯ ಹುಬ್ಬು ಮೇಲೇರಿತು. "ನನ್ನನ್ನ ಕೇಳ್ತಿದೀರಾ? ಮುದುಕ ಬೈದ ಅಂತ ಕೊಂದೆ ಅಂತಾನಾ? ಹಾಗೆ ಕೊಲ್ಲೋಕೆ ಹೋಗಿದ್ರೆ ಈ ಊರಲ್ಲಿ ನಾನೊಬ್ಬನೇ ಉಳೀತಿದ್ದೆ." ಒಬ್ಬ ಕಾವಲುಗಾರ ನಕ್ಕ. "ನಿಮ್ಮ ಕರ್ನಲ್ ಸಾಹೇಬರಿಗೆ ಫೋನ್ ಮಾಡ್ತೀನಿ, ಇರಿ."

"ಮಾಡಿ. ಈಸಾ, ನೀನು ಕೆಲಸ ಮಾಡು."

ಉಳಿ ಬಿತ್ತು. ಸಿಡಿದದ್ದು ಬಟಾಣಿಯಷ್ಟು ಚೂರು. ಎರಡು ದಿನದ ಗಾರೆಗೆ ಅಷ್ಟು ಬಿಗಿ ಬಂದಿತ್ತು. ಒಂದೊಂದು ಏಟಿಗೂ ಈಸಾ ತುಟಿ ಕಚ್ಚುತ್ತಿದ್ದ. ಮೇಲಿನ ಕೂಗು ಹತ್ತಿರವಾಗುತ್ತಿತ್ತು. ಯಾರೋ ಡೋಲು ಬಾರಿಸುತ್ತಿದ್ದರು.

ಹತ್ತು ಗಂಟೆ ಐವತ್ತಕ್ಕೆ ಉಳಿಯ ಸದ್ದು ಬದಲಾಯಿತು. ಕಬ್ಬಿಣಕ್ಕೆ ಕಬ್ಬಿಣ ತಾಕಿತ್ತು.

ಈಸಾ ಬೆರಳಿನಿಂದ ಬಿಡಿಸಿದ. ಮೊದಲು ಮೊನೆ, ಅದರ ಮೇಲೆ ಕಪ್ಪಗೆ ಅಂಟಿದ್ದು. ಆಮೇಲೆ ಹಿಡಿ. ಹಿಪ್ಪುನೇರಳೆ ಮರದ್ದು. ಹಿಡಿಯ ತುದಿಯಲ್ಲಿ ಚಾಕುವಿನಿಂದ ಕೊರೆದ ಮೂರು ಗೆರೆ.

ಈಸಾ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತ.

"ಯಾರದ್ದು?" ಇರಜ್ ಕೇಳಿದ.

"ನಂದು ಸಾಹೇಬ್ರೇ."

"ಏನು?"

"ಹತ್ತಿ ತರೋಕೆ ಹೋಗೋವಾಗ ಗಾರೆ ತೊಟ್ಟಿ ಪಕ್ಕ ಇಟ್ಟು ಹೋಗಿದ್ದೆ. ಮೂರು ಗೆರೆ... ನನ್ನ ಮೂರು ಹೆಣ್ಣುಮಕ್ಕಳು."

ಸೆಪಾಹಿ ಫೋನಿನಲ್ಲಿ ಕಂಡದ್ದೆಲ್ಲ ಒಪ್ಪಿಸಿ, ಅದನ್ನು ಇರಜನ ಕಿವಿಗೆ ಹಿಡಿದ. ಕರ್ನಲ್ ಸಾಹೇಬರು ಹೆಚ್ಚು ಮಾತಾಡಲಿಲ್ಲ. "ಕಾರ್ಡಿಲ್ಲದ ಮನುಷ್ಯ, ಓಡಿಹೋಗಿದ್ದವನು, ಅವನದ್ದೇ ಕರಣೆ, ಅದರ ಮೇಲೆ ರಕ್ತ. ಇನ್ನೇನು ಬೇಕು ನಿನಗೆ? ಕೋಳ ಹಾಕು."

"ತಾನೇ ಬಚ್ಚಿಟ್ಟಿದ್ರೆ ತಾನೇ ತೋರಿಸ್ತಿದ್ನಾ ಸಾರ್? ಗಾರೆ ಮೇಲೆ ಬೆರಳಿನ ಗೀರಿದೆ. ಅಚ್ಚು ತೆಗೆಸ್ಬೇಕು. ಒಂದು ಗಂಟೆ ಕೊಡಿ."

"ನೀರಿಗೆ ಹೇಳು, ಒಂದು ಗಂಟೆ ತಡ್ಕೋ ಅಂತ." ಫೋನ್ ಕಟ್ಟಾಯಿತು.

ಇರಜ್ ಕೋಳ ತೆಗೆದ. ಈಸಾ ಎರಡೂ ಕೈ ಚಾಚಿದ. ಚಾಚುವ ಮೊದಲು ತಟ್ಟನ್ನು ಎತ್ತಿ, ಒಡೆದ ಮೂಲೆಯನ್ನೂ ಸೇರಿಸಿ ಚೌಕಕ್ಕೆ ಹೊದಿಸಿ, ನಾಲ್ಕು ಕಲ್ಲು ಇಟ್ಟ. ಆ ಕೈಗಳ ಹತ್ತೂ ಬೆರಳನ್ನು ಇರಜ್ ನೋಡಿದ. ಒರಟು, ಕಪ್ಪು, ಇಡಿಯಾದ ತೊಗಲು. ಅವು ಅವನನ್ನು ಬಿಡಿಸಲಾರವು. ಕೊಬ್ಬು ಹಚ್ಚಿಕೊಂಡಿದ್ದ ಎಂದು ಯಾವ ವಕೀಲನಾದರೂ ಹೇಳಬಲ್ಲ. ಅವನನ್ನು ಗಲ್ಲಿನಿಂದ ಇಳಿಸಬಲ್ಲದ್ದು ತಟ್ಟಿನಡಿಯ ನಾಲ್ಕು ಗೀರು. ಗೀರಿಗೆ ಹೊಂದುವ ನಾಲ್ಕು ಸುಟ್ಟ ಬೆರಳು.

"ಮಹಜರಿಗೆ ಸಾಕ್ಷಿ ಬೇಕು ಇಂಜಿನಿಯರ್ ಸಾಹೇಬ್ರೇ." ಇರಜ್ ಕಾಗದ, ಪೆನ್ನು ಚಾಚಿದ. "ಸಹಿ ಮಾಡಿ. ಗವಸು ತೆಗೆದು."

"ಸಂತೋಷವಾಗಿ."

ಸೆಪಾಹಿ ಬಲಗೈ ಗವಸನ್ನು ಒಂದೊಂದೇ ಬೆರಳಾಗಿ ಎಳೆದು ತೆಗೆದ. ಎಡಗೈಯದನ್ನೂ ತೆಗೆದ. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ನೀಟಾಗಿ ಸಹಿ ಮಾಡಿದ. ಉಗುರು ಕತ್ತರಿಸಿದ, ಮೃದುವಾದ, ಒಂದು ಗೀರೂ ಇಲ್ಲದ ಬೆರಳುಗಳು.

ಇರಜ್ ಕಾಗದ ತೆಗೆದುಕೊಳ್ಳುವುದನ್ನೂ ಮರೆತು ನಿಂತ.

ಜನ ಕೂಗುತ್ತಾ ಸೇತುವೆಗೆ ಬಂದರು. ಅವರ ಕಾಲ ಹಿಂದೆಯೇ ಕಂದು ಬಣ್ಣದ ನೀರು, ಕಸಕಡ್ಡಿ ತಳ್ಳಿಕೊಂಡು, ಗುಣಿಗಳನ್ನು ತುಂಬಿಕೊಂಡು, ನಡಿಗೆಯ ವೇಗದಲ್ಲಿ ಕಮಾನುಗಳೊಳಗೆ ನುಗ್ಗಿತು. ಹೂವು ಬಿತ್ತು. ಮುದುಕಿಯೊಬ್ಬಳು ಮೊಣಕಾಲೂರಿ ನೀರನ್ನು ಮುಖಕ್ಕೆ ಹಚ್ಚಿಕೊಂಡು ಅತ್ತಳು. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ನೀರು ಏಳನೆಯ ಕಂಬ ಮುಟ್ಟಿತು. ಹನ್ನೊಂದು ಇಪ್ಪತ್ತಕ್ಕೆ ಗೋಣಿತಟ್ಟು ಮುಳುಗಿತು.

ಇನ್ನು ಆ ಗೀರುಗಳನ್ನು ನೋಡಬೇಕಾದರೆ ನದಿ ಮತ್ತೆ ಬತ್ತಬೇಕು.

ಸೆಪಾಹಿಯ ಕಾವಲುಗಾರರು ಕೋಳ ಹಾಕಿದ ಈಸಾನನ್ನು ಮೆಟ್ಟಿಲು ಹತ್ತಿಸುತ್ತಿದ್ದರು. ಅವನು ತಿರುಗಿ ನೋಡಿದ್ದು ಇರಜನನ್ನಲ್ಲ, ಕಂಬವನ್ನು. "ಮುಳುಗ್ತಾ ಸಾಹೇಬ್ರೇ? ಇನ್ನು ಹೆದರಿಕೆ ಇಲ್ಲ, ಗಟ್ಟಿ ಆಗತ್ತೆ," ಅಂದ.

ಇರಜನ ತಲೆಯಲ್ಲಿ ಬೆಳಗಿನ ಒಂದು ಗ್ಲಾಸು ಚಹಾ ತಿರುಗುತ್ತಿತ್ತು. ಅದನ್ನು ಚಾಚಿದ್ದು ಎಡಗೈ, ಬಟ್ಟೆ ಸುತ್ತಿದ್ದು ಬಲಗೈ ಬೆರಳುಗಳಿಗೆ. ಈಸಾ ಹೇಳಿದ್ದ: ಬರುವ ಹೊತ್ತಿಗೆ ಕಮಾನಿನಡಿ ಇದ್ದಿಲ ಹೊಗೆ ತುಂಬಿತ್ತು. ಐದಕ್ಕೇ ಬೆಂಕಿ ಆರಿಸಿ ಮನೆಗೆ ಹೋದವನ ಹೊಗೆ ಆರು ಗಂಟೆಗೆ ಎಲ್ಲಿಂದ ಬಂತು? ನೀರಿನ ಕ್ಯಾನು, ಹಿಪ್ಪುನೇರಳೆ ಹಣ್ಣು — ಯಾರನ್ನೂ ನೋಡಿಲ್ಲ ಎನ್ನುತ್ತಲೇ ಈಸಾನ ಜಾಡನ್ನು ಎತ್ತಿ ಕೈಗಿತ್ತವನು ಯಾರು?

ಮೊಣಕಾಲುದ್ದ ನೀರಿನಲ್ಲಿ ಜನರನ್ನು ತಳ್ಳಿಕೊಂಡು ಅವನು ಕಮಾನಿನತ್ತ ಓಡಿದ.

ನೀರು ಮುಟ್ಟದ ಎತ್ತರದ ಕಟ್ಟೆಯ ಮೇಲೆ ಸಮಾವರ್ ಕುದಿಯುತ್ತಿತ್ತು. ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಆರು ಗ್ಲಾಸುಗಳಿದ್ದವು, ಬೆರಳಿಗೆ ಸುತ್ತಿದ್ದ ಬಟ್ಟೆ ಇತ್ತು. ಮಶ್ ರಜಬ್ ಇರಲಿಲ್ಲ.